ಬಸ್ಸಿನ ಹೊತ್ತು ಬರೆದಿಟ್ಟವರು

ನಾನು ಕೆಲಸಕ್ಕೆ ಸೇರಿದ ದಿನ ಅವರು ನನಗೆ ಮೊದಲು ಹೇಳಿಕೊಟ್ಟದ್ದು ಎಲ್ಲಿ ಕೂರಬೇಕು ಎಂಬುದನ್ನು.

ಮಧುಗಿರಿಯ ಬಸ್ ಸ್ಟ್ಯಾಂಡಿನ ಎದುರು, ಬಣ್ಣದ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕಂಪ್ಯೂಟರ್ ಸೆಂಟರ್ ಇತ್ತು. ಕನ್ನಡ ಟೈಪಿಂಗ್ ಕಲಿಸಲು ನಾನು ಸೇರಿದ್ದೆ. ಉಳಿದದ್ದನ್ನೆಲ್ಲ ಕಲಿಸುತ್ತಿದ್ದವರು ಅವರು. ಗಾಳಿ ಚೆನ್ನಾಗಿ ಬರುತ್ತದೆಂದು ನಾನು ಕಿಟಕಿಗೆ ಬೆನ್ನು ಮಾಡಿ ಕೂತಿದ್ದೆ. ಅವರು ಬಂದು ಒಂದು ಗಳಿಗೆ ನನ್ನನ್ನೇ ನೋಡಿ, "ಅಲ್ಲಿ ಕೂತ್ಕೋಬೇಡಿ ಮೇಡಂ, ಮುಖ ಕಪ್ಪಗೆ ಕಾಣುತ್ತೆ" ಎಂದರು. ನಾನು ಹುಟ್ಟಿನಿಂದಲೇ ಕಪ್ಪು. ಮೊದಲ ದಿನವೇ ಅನ್ನಿಸಿಕೊಂಡೆನಲ್ಲ ಎಂದು ಸಿಟ್ಟು ನೆತ್ತಿಗೇರಿತು. ಎದ್ದು ಎದುರಿನ ಕುರ್ಚಿಗೆ ಹೋಗಿ, ನನ್ನಷ್ಟಕ್ಕೇ ಏನೋ ಗೊಣಗಿದೆ. ಅವರು ನಕ್ಕುಬಿಟ್ಟರು.

"ಈಗ ಕಾಣ್ತು. ಬಣ್ಣ ನೋಡಿ ಕೆಲ್ಸ ಕೊಡ್ತಾರೇನೋ ಇಲ್ಲಿ ಅಂದ್ರಿ."

ಅವರಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದದ್ದು ಆಗ. ಹೈಸ್ಕೂಲಿನಲ್ಲಿದ್ದಾಗ ಬಂದ ಜ್ವರವೊಂದು ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಮಾತು ಉಳಿದಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಬೆಳಕು ಬೆನ್ನ ಹಿಂದಿದ್ದರೆ ಮುಖ ನೆರಳಾಗಿ ತುಟಿ ಕಾಣುತ್ತಿರಲಿಲ್ಲ, ಅಷ್ಟೇ ಅವರು ಹೇಳಿದ್ದು. ಆಮೇಲೆ ಆ ಕುರ್ಚಿಯನ್ನು ನಾನು ಬಿಡಲೇ ಇಲ್ಲ.

ಪಾವಗಡದವರು. ಮನೆಯವರದು ಕಡಲೆಕಾಯಿ ವ್ಯಾಪಾರ. ಹಣೆಯ ಮೇಲೆ ದಿನವೂ ತೆಳುವಾಗಿ ಎಳೆದ ವಿಭೂತಿ, ತೋಳು ಮಡಿಸಿದ ಬಿಳಿ ಅಂಗಿ. ದನಿ ಮಾತ್ರ ಏರದೆ ಇಳಿಯದೆ ಒಂದೇ ಸಮನೆ ಹೋಗುತ್ತಿತ್ತು. ಜ್ವರ ಬರುವ ಮೊದಲು ಕೇಳಿದ್ದ ಮಾತುಗಳನ್ನು ಸರಿಯಾಗಿ ಆಡುತ್ತಿದ್ದರು, ನಡುನಡುವೆ ತೆಲುಗೂ ಬರುತ್ತಿತ್ತು. ಜ್ವರದ ಆಚೆಗೆ ಕಲಿತ ಪದಗಳನ್ನೆಲ್ಲ ಅವರು ಓದಿದ್ದರೇ ಹೊರತು ಎಂದೂ ಕೇಳಿರಲಿಲ್ಲ. ವೆಬ್‌ಸೈಟ್ ಎಂಬುದನ್ನು ಅಕ್ಷರ ಅಕ್ಷರವಾಗಿ ಓದಿ 'ವೆಬ್‌ಸಿಟೆ' ಎನ್ನುತ್ತಿದ್ದರು. ನಾನು ಎದುರು ನಿಂತು ನಿಧಾನಕ್ಕೆ ಹೇಳಿ ತಿದ್ದಿದೆ. ಒಂದು ವಾರ ಸರಿಯಾಗಿ ಹೇಳಿ ಮತ್ತೆ ಸಿಟೆಗೇ ಮರಳಿದರು. ಕೊನೆಗೆ ಸೆಂಟರಿನಲ್ಲಿ ಎಲ್ಲರ ಬಾಯಲ್ಲೂ ಅದು ಸಿಟೆಯೇ ಆಯಿತು. ಇಂಟರ್‌ವ್ಯೂಗೆ ಹೋದ ಹುಡುಗಿಯೊಬ್ಬಳು ಅಲ್ಲೂ ಹಾಗೇ ಹೇಳಿ ಬಂದು ನಮ್ಮನ್ನೆಲ್ಲ ನಗಿಸಿದ್ದಳು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಅವರ ಸಿಟೆ ಬಸ್ಸುಗಳದ್ದು. ಮಧುಗಿರಿಯಲ್ಲಿ ರೂಮು ಮಾಡಿಕೊಂಡಿದ್ದವರು ರಜೆ ಸಿಕ್ಕಾಗ ಪಾವಗಡಕ್ಕೆ ಹೋಗುತ್ತಿದ್ದರು. ನಮ್ಮ ಕಡೆ ಸರ್ಕಾರಿ ಬಸ್ಸಿಗಿಂತ ಪ್ರೈವೇಟ್ ಬಸ್ಸೇ ಹೆಚ್ಚು. ಅವು ಬರುವ ಹೊತ್ತನ್ನು ಯಾರೂ ಎಲ್ಲೂ ಬರೆದಿರುವುದಿಲ್ಲ. ಕಂಡಕ್ಟರಿಗೆ ಗೊತ್ತು, ಟೀ ಅಂಗಡಿಯವನಿಗೆ ಗೊತ್ತು, ಕೇಳಿದರೆ ಹೇಳುತ್ತಾರೆ. ಆದರೆ ಹೇಳುವಾಗ ಯಾರೂ ಇವರ ಮುಖ ನೋಡುತ್ತಿರಲಿಲ್ಲ. ಟೀ ಸೋಸುತ್ತ, ರಸ್ತೆ ಕಡೆ ಕೈ ತೋರಿಸುತ್ತ ಹೇಳಿ ಮುಗಿಸುತ್ತಿದ್ದರು. ಹೀಗೆ ಎಷ್ಟೋ ಬಸ್ಸು ತಪ್ಪಿಸಿಕೊಂಡ ಮೇಲೆ, ಎಲ್ಲವನ್ನೂ ಒಂದು ಕಡೆ ಬರೆದಿಡಬೇಕೆಂದು ಅವರಿಗೆ ಅನ್ನಿಸಿತು.

ರಜೆ ಬಂದರೆ ಹೆಗಲಿಗೆ ಚೀಲ ಹಾಕಿ ಹೊರಡುತ್ತಿದ್ದರು. ಚೀಲದಲ್ಲಿ ಮಕ್ಕಳ ಸ್ಲೇಟೊಂದು, ಬಳಪ. ಸಿರಾ, ಕೊರಟಗೆರೆ, ಕೊಡಿಗೇನಹಳ್ಳಿ ಎಂದು ಊರೂರು ಸುತ್ತಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಂಡವರ ಮುಂದೆ ಸ್ಲೇಟು ಹಿಡಿಯುವುದು. ಸಿರಾದಲ್ಲಿ ಬಸ್ಸಿಗೆ ಜನರನ್ನು ಕೂಗಿ ಕರೆಯುವ ಸಾಹೇಬರೊಬ್ಬರು ಹೊತ್ತು ಬರೆದು, ಕೆಳಗೆ ಸಹಿಯನ್ನೂ ಹಾಕಿ ಕೊಟ್ಟರಂತೆ. ಕೊರಟಗೆರೆಯಲ್ಲಿ, ಶುಕ್ರವಾರ ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಹೋಗುವವರಿಗೆ ಹೂವು ಮಾರುವ ಹೆಂಗಸಿಗೆ ಓದು ಬರಹ ಬಾರದು. ಆಕೆ ಸ್ಲೇಟಿನ ಮೇಲೆ ಒಂದು ಸೊನ್ನೆ ಬರೆದು, ಒಳಗೆ ಗಡಿಯಾರದ ಎರಡು ಮುಳ್ಳು ಎಳೆದು ಕೊಟ್ಟಿದ್ದರು. ಅದನ್ನು ಅಳಿಸದೆ ಹಾಗೇ ತಂದು ನನಗೆ ತೋರಿಸಿ, "ಇಂಥ ಅಕ್ಷರ ನಂಗೂ ಬರ್ಯೋಕ್ ಬರಲ್ಲ ಮೇಡಂ" ಎಂದರು.

ತಂದದ್ದನ್ನು ಅವರು ವೆಬ್‌ಸೈಟ್ ಮಾಡುತ್ತಿದ್ದ ರೀತಿ ನನಗೆ ಮೊದಮೊದಲು ಅರ್ಥವಾಗಲಿಲ್ಲ. ಊರಿಗೊಂದು ಸಾದಾ ಫೈಲು. ಅದರಲ್ಲಿ ಬಸ್ಸು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಸಾಲು ಸಾಲಾಗಿ ಟೈಪ್ ಮಾಡುವುದು. ಚಿತ್ರವಿಲ್ಲ, ಬಣ್ಣವಿಲ್ಲ. ಆಮೇಲೆ ಕಪ್ಪು ಪರದೆಯೊಂದನ್ನು ತೆರೆದು ಒಂದೇ ಒಂದು ಸಾಲಿನ ಕಮಾಂಡ್ ಕೊಟ್ಟು ಎಂಟರ್ ಒತ್ತಿದರೆ, ಪುಟ್ಟ ತಂತ್ರಾಂಶವೊಂದು ಆ ಫೈಲುಗಳನ್ನೆಲ್ಲ ಓದಿ, ಕಣ್ಣು ಮಿಟುಕಿಸುವಷ್ಟರಲ್ಲಿ ಪುಟಗಳನ್ನಾಗಿ ಕಟ್ಟಿಬಿಡುತ್ತಿತ್ತು. ಕಟ್ಟಿದ್ದನ್ನು ಇಂಟರ್ನೆಟ್ಟಿಗೆ ಏರಿಸಿದರೆ ಮುಗಿಯಿತು. ನೋಡುವವರು ಪಾಸ್‌ವರ್ಡ್ ಕೊಡಬೇಕಿಲ್ಲ, ಏನೂ ಇಳಿಸಿಕೊಳ್ಳಬೇಕಿಲ್ಲ. ಗುಡ್ಡದ ಮರೆಯ ಹಳ್ಳಿಗಳಲ್ಲಿ, ಸಿಗ್ನಲ್ ಒಂದು ಗೆರೆ ಇದ್ದರೂ ಪುಟ ತೆರೆದುಕೊಳ್ಳುತ್ತಿತ್ತು.

"ಗೋಡೆ ಮೇಲೆ ಬರ್ದಿರೋ ಬೋರ್ಡ್ ಇದ್ದಂಗೆ. ಬರ್ದೋನು ಪಕ್ಕದಲ್ಲೇ ನಿಂತಿರ್ಬೇಕಾಗಿಲ್ಲ" ಎನ್ನುತ್ತಿದ್ದರು.

ಒಮ್ಮೆ ಖಾಸಗಿ ಶಾಲೆಯೊಂದರ ಯಜಮಾನರು ತಮ್ಮ ಶಾಲೆಗೂ ಒಂದು ಮಾಡಿಕೊಡಿ ಎಂದು ಬಂದರು. ಇವರು ಹೀಗೇ ಸಾದಾ ಪುಟಗಳನ್ನು ಕಟ್ಟಿ ತೋರಿಸಿದರು. ಮಕ್ಕಳು ಓಡಬೇಕು, ಬಾವುಟ ಹಾರಬೇಕು, ಪ್ರಾರ್ಥನೆಯ ಹಾಡು ಕೇಳಬೇಕು ಎಂದು ಯಜಮಾನರು ಹೇಳಿದರು. ಇವರು ಎಲ್ಲಕ್ಕೂ ತಲೆಯಾಡಿಸಿ, ಹಾಡಿನ ವಿಷಯಕ್ಕೆ ಬಂದಾಗ ತಮ್ಮ ಕಿವಿ ಮುಟ್ಟಿ ತೋರಿಸಿ ಕೈ ಮುಗಿದುಬಿಟ್ಟರು. ಯಜಮಾನರು ಬೇರೆ ಕಡೆ ಮಾಡಿಸಿಕೊಂಡರು.

ಕಪ್ಪು ಪರದೆಯ ಮುಂದೆ ಕೂತಾಗ ಅವರ ಮುಖದಲ್ಲಿ ಒಂದು ಬಿಡುವು ಬರುತ್ತಿತ್ತು. ದಿನವಿಡೀ ಜನರ ತುಟಿ ಬೆನ್ನಟ್ಟಿ ದಣಿದ ಕಣ್ಣು ಅಲ್ಲಿ ಸುಧಾರಿಸಿಕೊಳ್ಳುತ್ತಿತ್ತೋ ಏನೋ. ಅಲ್ಲಿ ಎಲ್ಲವೂ ಬರವಣಿಗೆಯಲ್ಲೇ. ಇವರೊಂದು ಸಾಲು ಬರೆದರೆ ಅದೊಂದು ಸಾಲು ಬರೆದು ಉತ್ತರ ಕೊಡುತ್ತಿತ್ತು. ಒಂದು ಚುಕ್ಕಿ ಬಿಟ್ಟರೂ ಕೆಲಸ ನಿಲ್ಲಿಸಿ, ಇಂಥ ಫೈಲಿನ ಇಂಥ ಸಾಲಿನಲ್ಲಿ ತಪ್ಪಿದೆ ಎಂದು ತೋರಿಸುತ್ತಿತ್ತು. ನನಗೆ ಅದು ಕಿರಿಕಿರಿ. ಅವರಿಗೆ ಅದೇ ಇಷ್ಟ. "ಮನುಷ್ಯರಿಗೆ ಸಿಟ್ಟು ಬಂದ್ರೆ ಯಾವ ಸಾಲಲ್ಲಿ ತಪ್ಪಾಯ್ತು ಅಂತ ಹೇಳಲ್ಲ ಮೇಡಂ. ಮುಖ ತಿರುಗಿಸ್ಕೊಂಡ್ ಹೋಗ್ತಾರೆ. ಇದು ಹೇಳುತ್ತೆ."

ನಾನು ಒಂದು ಮದುವೆ ಮುರಿದುಕೊಂಡು ತವರಿಗೆ ಬಂದವಳು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಅದು ತೋರಿಸಿದ ಸಾಲನ್ನು ಇನ್ನೊಮ್ಮೆ ಓದಿದೆ.

ಅವರಿಗೊಂದು ಪದ್ಧತಿಯಿತ್ತು. ಯಾರಾದರೂ ಅತ್ತ ತಿರುಗಿ ಏನಾದರೂ ಅಂದರೆ, ಏನಂದಿರಿ ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಜನ ಪೂರ್ತಿ ಹೇಳುವುದಿಲ್ಲ, ಏನಿಲ್ಲ ಬಿಡಿ ಎನ್ನುತ್ತಾರೆ, ಆ 'ಏನಿಲ್ಲ' ಕೇಳಿ ಕೇಳಿ ಸಾಕಾಗಿದೆ ಎಂದು ಒಮ್ಮೆ ಹೇಳಿದ್ದರು. ಹಾಗಾಗಿ ಬೆನ್ನು ತಿರುಗಿಸಿ ಆಡಿದ್ದು ತಮ್ಮ ಪಾಲಿನದಲ್ಲ ಎಂದು ಬಿಟ್ಟುಬಿಡುತ್ತಿದ್ದರು.

ನಮ್ಮವ್ವ ಒಮ್ಮೆ ಕಣ್ಣು ತೋರಿಸಲು ಮಧುಗಿರಿಗೆ ಬಂದವಳು ಬಸ್ಸಿನ ಹೊತ್ತಾಗುವವರೆಗೆ ಸೆಂಟರಿನಲ್ಲಿ ಕೂತಿದ್ದಳು. ಕೊರಟಗೆರೆ ದಾರಿಯಲ್ಲಿ ನಮ್ಮೂರು. ನಮ್ಮದು ಕುರಿ ಸಾಕುವ ಮನೆ. ಅವ್ವ ಯಾರೊಂದಿಗೆ ಮಾತಾಡಿದರೂ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಮಾತಾಡುವವಳು. ಅವರಿಗೆ ಹಬ್ಬವಾಯಿತು. ಕುರಿಗಳ ಬಗ್ಗೆ ಒಂದೊಂದೇ ಕೇಳುತ್ತ ಹೋದರು. ಕುರಿಯನ್ನು ಹೇಗೆ ಕರೆಯುತ್ತೀರಿ ಎಂದಾಗ ಅವ್ವ ತುಟಿ ಅದುರಿಸಿ 'ಟ್ರ್‌ರ್‌ರ್' ಎಂದು ಕರೆದು ತೋರಿಸಿದಳು. ಅವರು ಮತ್ತೆ ಮತ್ತೆ ಮಾಡಿಸಿ, ಆಮೇಲೆ ತಾವೂ ತುಟಿ ಅದುರಿಸಿ ನೋಡಿದರು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಬಸ್ಸಿನಲ್ಲಿ ಅವ್ವ ಹೇಳಿದಳು: "ಆಯಪ್ಪಂಗೆ ಕಿವಿ ಕೇಳ್ಸಲ್ಲ ಅಂತೀಯ. ನಮ್ಮನೇಲಿ ಕಿವಿ ಇರೋರ್ಗಿಂತ ಚೆಂದಾಗಿ ಕೇಳಿಸ್ಕಂಡ ಕಣಮ್ಮ." ಸ್ವಲ್ಪ ದೂರ ಹೋದ ಮೇಲೆ, "ಇಬೂತಿ ಇಟ್ಕಳೋ ಮನೇರು, ಅಲ್ವಾ?" ಎಂದಳು. ಹೌದು ಎಂದೆ. ಅವ್ವ ಮಾತನ್ನು ಅಲ್ಲಿಗೇ ಬಿಟ್ಟು ಟಿಕೆಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಾನೂ ಕಿಟಕಿಯ ಆಚೆ ನೋಡುತ್ತ ಕೂತೆ.

ಸಿಟೆಯನ್ನು ಜನ ನಂಬತೊಡಗಿದ್ದರು. ಕಂಡಕ್ಟರುಗಳೇ ಮಹಡಿ ಹತ್ತಿ ಬಂದು, ಹೊತ್ತು ಬದಲಾದದ್ದನ್ನು ಸ್ಲೇಟಿನ ಮೇಲೆ ಬರೆದು ಹೋಗುತ್ತಿದ್ದರು. ಅಂಥ ದಿನಗಳಲ್ಲೇ ಅದು ನಡೆದದ್ದು.

ಕೊಡಿಗೇನಹಳ್ಳಿ ಹತ್ತಿರದ ಹಳ್ಳಿಯ ಹೆಂಗಸೊಬ್ಬರು ಸರ್ಕಾರಿ ಕೆಲಸವೊಂದರ ಪರೀಕ್ಷೆಗೆ ತುಮಕೂರಿಗೆ ಹೋಗಬೇಕಿತ್ತು. ನಮ್ಮ ಪುಟ ನೋಡಿ ಬೆಳಗಿನ ಬಸ್ಸಿಗೆ ಬಂದು ನಿಂತರು. ಆ ಬಸ್ಸಿನವರು ಹಿಂದಿನ ವಾರವೇ ಬೇಗ ಹೊರಡುವಂತೆ ಹೊತ್ತು ಬದಲಾಯಿಸಿಕೊಂಡಿದ್ದರು. ನಮಗೆ ಯಾರೂ ತಿಳಿಸಿರಲಿಲ್ಲ. ಮುಂದಿನ ಬಸ್ಸು ಹಿಡಿದು ಆಕೆ ತಲುಪುವಷ್ಟರಲ್ಲಿ ಪರೀಕ್ಷಾ ಕೇಂದ್ರದ ಬಾಗಿಲು ಹಾಕಿಯಾಗಿತ್ತು. ವಯಸ್ಸಿನ ಲೆಕ್ಕದಲ್ಲಿ ಆಕೆಗೆ ಅದೇ ಕೊನೆಯ ಅವಕಾಶ.

ಮಾರನೆಯ ದಿನ ಆ ಹೆಂಗಸಿನ ಅಣ್ಣ ಸೆಂಟರಿಗೆ ಬಂದು ಕೂಗಾಡಿದರು. ಕೂಗುತ್ತ ಕೂಗುತ್ತ ಅತ್ತಿತ್ತ ತಿರುಗುತ್ತಿದ್ದರು. ಇವರು ಆ ಮುಖವನ್ನು ಹಿಡಿಯಲು ಸುತ್ತಲೂ ಓಡಾಡಿದರು. ಏನೂ ತಿಳಿಯದೆ ಕೊನೆಗೆ ನನ್ನ ಕಡೆ ನೋಡಿದರು. ನಾನು ನಡೆದದ್ದನ್ನು ಸ್ಲೇಟಿನ ಮೇಲೆ ಬರೆದೆ. ಓದಿ, ಸ್ಲೇಟನ್ನು ಅಳಿಸದೆ ಹಾಗೇ ಚೀಲಕ್ಕಿಟ್ಟರು.

ಆ ಊರಿಗೆ ಹೋಗಬೇಕು, ಜೊತೆಗೆ ಬನ್ನಿ ಎಂದರು. ಹೋದೆವು. ಆಕೆ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಇವರು ನಿಂತೇ ಇದ್ದು, ಆ ಒಂದೇ ಸಮನೆಯ ದನಿಯಲ್ಲಿ, ತಪ್ಪಾಯಿತು ಎಂದರು. ಆಕೆ ಕುಟ್ಟುವುದು ನಿಲ್ಲಿಸಿ ಇವರನ್ನೇ ನೋಡಿದರು.

"ಬಸ್ಸು ಓಡ್ಸೋರು ಬರ್ಲಿಲ್ಲ, ಬಸ್ಸಿನ ಓನರ್ರೂ ಬರ್ಲಿಲ್ಲ. ನೀವ್ಯಾಕೆ ಬಂದ್ರಿ ಸಾ?"

"ನೀವು ನಂಬಿದ್ದು ಬಸ್ಸನ್ನಲ್ಲ. ನಾನು ಬರ್ದಿದ್ದನ್ನ."

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ನೀರು ತಂದುಕೊಟ್ಟರು. ಹೋದ ಅವಕಾಶವನ್ನು ಯಾರಿಂದಲೂ ತಂದುಕೊಡಲಾಗಲಿಲ್ಲ. ಆದರೆ ಆಕೆ ಸೆಂಟರಿಗೆ ಬಂದು ಕಂಪ್ಯೂಟರ್ ಕಲಿತರು, ಇವರೇ ಕೂರಿಸಿಕೊಂಡು ಕಲಿಸಿದರು. ಈಗ ಕೊಡಿಗೇನಹಳ್ಳಿಯಲ್ಲಿ ಆಕೆಯದೊಂದು ಜೆರಾಕ್ಸ್ ಅಂಗಡಿಯಿದೆ. ಆ ಘಟನೆಯ ನಂತರ ಇವರು ಪ್ರತಿಯೊಂದು ಬಸ್ಸಿನ ಕೆಳಗೂ ಇನ್ನೊಂದು ಸಾಲು ಸೇರಿಸಿದರು: ಈ ಹೊತ್ತನ್ನು ಹೇಳಿದವರು ಯಾರು, ಯಾವ ದಿನ. ಹೂವಿನವರು, ಸಿರಾದ ಸಾಹೇಬರು, ಇಂಥ ಬಸ್ಸಿನ ಕಂಡಕ್ಟರು ಎಂದು. ನೋಡುವವರು ತಾವೇ ತೂಗಿ ನಂಬಲಿ ಎಂದು.

ಲಾಕ್‌ಡೌನ್ ಬಂತು. ಬಸ್ಸುಗಳು ನಿಂತವು. ಬಸ್ಸೇ ಇಲ್ಲದ ಮೇಲೆ ಸಿಟೆ ಯಾಕೆ ಎಂದು ನಾನು ಅಂದುಕೊಂಡಿದ್ದೆ. ಅವರು ದಿನವೂ ಬೆಳಿಗ್ಗೆ ಎದ್ದು, ಎಲ್ಲ ಊರಿನ ಪುಟದ ಮೇಲೂ 'ಇವತ್ತು ಬಸ್ಸಿಲ್ಲ' ಎಂದು ಆ ದಿನದ ತಾರೀಖಿನೊಂದಿಗೆ ಬರೆದು ಕಟ್ಟುತ್ತಿದ್ದರು. ಯಾಕೆಂದು ಮೆಸೇಜಿನಲ್ಲಿ ಕೇಳಿದೆ. ಯಾರೋ ಒಬ್ಬರು ನೋಡ್ತಾರಲ್ಲ ಮೇಡಂ, ಅವರಿಗೆ ನಾವಿನ್ನೂ ಎದ್ದಿದ್ದೀವಿ ಅಂತ ಗೊತ್ತಾಗಲಿ ಎಂದು ಉತ್ತರ ಬಂತು. ದಿನವೂ ನೋಡುತ್ತಿದ್ದವಳು ನಾನು. ಅದನ್ನು ಅವರಿಗೆ ಹೇಳಲಿಲ್ಲ.

ಬಸ್ಸುಗಳು ಮತ್ತೆ ಓಡಿದವು, ಆದರೆ ಸೆಂಟರಿಗೆ ಜನ ಬರಲಿಲ್ಲ. ಬಾಗಿಲು ಹಾಕಬೇಕಾಯಿತು. ಅವರು ರೂಮು ಖಾಲಿ ಮಾಡಿ ಪಾವಗಡಕ್ಕೆ ಹೊರಟರು. ಅಂದು ಸಂಜೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು. ಬೆಟ್ಟದ ನೆರಳು ಊರಿನ ಮೇಲೆ ಇಳಿಯುತ್ತಿತ್ತು. ಅವರು ಸ್ಲೇಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮೊದಲು ನನ್ನ ಕೊರಟಗೆರೆ ಬಸ್ಸು ಬಂತು. ನಾನು ಎದ್ದು, ಬಸ್ಸಿನ ಕಡೆ ತಿರುಗಿ, ಗಟ್ಟಿಯಾಗಿಯೇ ಹೇಳಿದೆ: "ಹೋಗ್ಬೇಡಿ ಸಾ. ಇಲ್ಲೇ ಇದ್ಬುಡಿ. ನನ್ ಜೊತೆ ಇದ್ಬುಡಿ."

ಮೆಟ್ಟಿಲ ಬಳಿಯಿದ್ದ ಕಂಡಕ್ಟರು ಕೇಳಿಸಿಕೊಂಡು ಬೆಪ್ಪಾಗಿ ನೋಡಿದ. ನಾನು ಹತ್ತಿ ಕೂತು, ಕಿಟಕಿಯಿಂದ ಅವರಿಗೆ ಕೈಯಾಡಿಸಿದೆ. ಅವರೂ ಆಡಿಸಿದರು.

ಎರಡು ದಿನ ಬಿಟ್ಟು ಮೆಸೇಜ್ ಬಂತು. 'ಬಸ್ಸಿನ ಕಡೆ ತಿರುಗಿ ಏನೋ ಅಂದ್ರಿ. ಏನಂದ್ರಿ?' ಅಷ್ಟು ವರ್ಷದಲ್ಲಿ ಅವರು ಯಾರನ್ನೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೊಟ್ಟಿಗೆಗೆ ಹೋದೆ, ಬಾವಿಕಟ್ಟೆಗೆ ಹೋದೆ. ಸೀಟಿದೆಯಾ ಅಂತ ಕಂಡಕ್ಟರನ್ನು ಕೇಳಿದೆ ಎಂದು ಕೊನೆಗೆ ಬರೆದೆ. 'ಸರಿ ಮೇಡಂ' ಎಂದು ಉತ್ತರ ಬಂತು.

ಆಮೇಲಿನ ವರ್ಷಗಳಲ್ಲಿ ನಮ್ಮ ನಡುವೆ ಉಳಿದದ್ದು ಬಸ್ಸುಗಳೇ. ನಾನು ತಾಲ್ಲೂಕು ಕಚೇರಿಯ ಹತ್ತಿರ ಟೈಪಿಂಗ್ ಅಂಗಡಿ ಇಟ್ಟೆ. ಮಧುಗಿರಿ, ಕೊರಟಗೆರೆ ಕಡೆಯ ಹೊತ್ತುಗಳನ್ನು ಕೇಳಿ ಕಳಿಸುತ್ತಿದ್ದೆ, ಅವರು ಪಾವಗಡದಲ್ಲಿ ಕೂತು ಪುಟ ಕಟ್ಟುತ್ತಿದ್ದರು. ಈ ವರ್ಷ ಕಡಲೆಕಾಯಿ ಬಿತ್ತುವ ಹೊತ್ತಿಗೆ ನಾನು ಕಳಿಸಿದ ಒಂದು ಹೊತ್ತು ಪುಟಕ್ಕೆ ಏರಲಿಲ್ಲ. ಇನ್ನೊಂದು ಕಳಿಸಿದೆ, ಅದೂ ಏರಲಿಲ್ಲ. ಆಮೇಲೆ ಅವರ ತಂಗಿಯ ಫೋನು ಬಂತು. ಎದೆನೋವು ಅಂದರಂತೆ, ಆಸ್ಪತ್ರೆಗೆ ಸೇರಿಸಿದರಂತೆ, ಉಳಿಯಲಿಲ್ಲವಂತೆ. ಮಣ್ಣು ಮಾಡಿ ಆಗಲೇ ಒಂದು ವಾರವಾಗಿತ್ತು.

ಪಾವಗಡಕ್ಕೆ ಹೋದೆ. ದಾರಿಯುದ್ದ ಸೋಲಾರ್ ಹಲಗೆಗಳ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ತಂಗಿ ಬಟ್ಟೆ ಹೊಲಿಯುವವರು. ಹೊಲಿಗೆ ಯಂತ್ರದ ಪಕ್ಕದಲ್ಲೇ ನನ್ನನ್ನು ಕೂರಿಸಿಕೊಂಡು, ಕೈಯಲ್ಲೊಂದು ದಾರದ ತುಂಡನ್ನು ಸುತ್ತುತ್ತ, ಬಿಚ್ಚುತ್ತ ಮಾತಾಡಿದರು.

"ಏಂ ಚೇಸೇದಿ ಅಕ್ಕಾ, ಏನ್ ಮಾಡೋದು. ಅಣ್ಣ ನಿಮ್ ವಿಷ್ಯ ಒಂದೇ ಒಂದ್ಸಲ ಹೇಳಿದ್ದ. ಮಧುಗಿರಿಲಿ ಒಬ್ರಿದಾರೆ, ಅವ್ರು ಮಾತಾಡ್ತಿದ್ರೆ ಮುಖ ನೋಡ್ತಾ ನೋಡ್ತಾ ತುಟಿ ನೋಡೋದೇ ಮರ್ತೋಗ್ತೀನಿ, ಅದಕ್ಕೆ ಅವ್ರ ಮಾತು ಅರ್ಧ ತಪ್ಪೋಗುತ್ತೆ ಅಂತ."

ಆಕೆ ನನ್ನ ಕೈ ಹಿಡಿದುಕೊಂಡರು. ಇಬ್ಬರೂ ಅತ್ತೆವು. ಆಮೇಲೆ ಆಕೆ ಅವರ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟು, ಇದು ನಿಂತುಹೋಗಬಾರದು ಎಂದರು.

ಎಷ್ಟೋ ವರ್ಷ ಪಕ್ಕದಲ್ಲಿ ಕೂತು ನೋಡಿದ್ದ ಕಮಾಂಡ್ ಅದು. ಟೈಪ್ ಮಾಡಿದೆ. ಇಂಥ ಫೈಲಿನ ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಬಂತು. ತಿದ್ದಿ ಮತ್ತೆ ಕೊಟ್ಟೆ, ಪುಟಗಳು ಕಟ್ಟಿಕೊಂಡವು. ಅಂದಿನಿಂದ ಆಕೆ ಪಾವಗಡದ ಕಡೆಯದನ್ನು ನೋಡಿಕೊಳ್ಳುತ್ತಾರೆ, ನಾನು ಈ ಕಡೆಯದನ್ನು.

ಫೈಲುಗಳ ಒಳಹೊಕ್ಕ ಮೇಲೆ ನನಗೊಂದು ಕಂಡಿತು. ಹೇಳಿದವರು ಯಾರು ಎಂಬ ಸಾಲಿನಲ್ಲಿ ಎಲ್ಲರ ಗುರುತೂ ಇದೆ, ಅವರ ಹೆಸರು ಮಾತ್ರ ಎಲ್ಲೂ ಇಲ್ಲ. ಯಾರಿಂದಲೂ ಕೇಳದೆ, ತಾವೇ ನಿಂತು ಕಂಡ ಬಸ್ಸುಗಳ ಕೆಳಗೆ, ತಾರೀಖಿನ ಪಕ್ಕದಲ್ಲಿ ಅವರು ಬರೆದಿದ್ದದ್ದು ಒಂದೇ ಪದ: 'ನಾನೇ'. ಬಸ್ಸಿನ ಹೊತ್ತು ಬದಲಾದಂತೆ ಆ ಸಾಲನ್ನೂ ಬದಲಾಯಿಸಬೇಕು. ಹೊಸದಾಗಿ ಹೇಳಿದವರ ಗುರುತು ಬರಬೇಕು. ಈ ಕೆಲವು ತಿಂಗಳಲ್ಲೇ ಎಷ್ಟೋ 'ನಾನೇ'ಗಳು ಹೋಗಿಬಿಟ್ಟವು. ಒಂದೊಂದನ್ನು ಅಳಿಸುವಾಗಲೂ ಕೈ ತಡೆಯುತ್ತದೆ. ತಂಗಿಗೆ ಫೋನ್ ಮಾಡಿ ಹೇಳುತ್ತೇನೆ. ಅಳಿಸಿ ಅಕ್ಕಾ, ಜನ ಬಿಸ್ಲಲ್ಲಿ ನಿಂತ್ರೆ ಅಣ್ಣ ಸುಮ್ನಿರ್ತಿದ್ನಾ ಎನ್ನುತ್ತಾರೆ.

ಮೊನ್ನೆ, ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಸಂಜೆಯ ಬಸ್ಸು ಹೊತ್ತು ಬದಲಾಯಿಸಿದೆ ಎಂದು ಸುದ್ದಿ ಬಂತು. ಅವರು ರಜೆಗೆ ಊರಿಗೆ ಹೋಗುತ್ತಿದ್ದ ಬಸ್ಸು. ಟೀ ಅಂಗಡಿಯವನು ಹೊಸ ಹೊತ್ತು ಹೇಳಿದ, ಬರೆದುಕೊಂಡರೆ ಸಾಕಿತ್ತು. ನಾನು ಅಂಗಡಿಯ ಬಾಗಿಲು ಎಳೆದು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಕಾಲು ಸೋಲುವಷ್ಟು ಹೊತ್ತು ಕಾದ ಮೇಲೆ ಬಸ್ಸು ಬಂತು. ಜನ ಹತ್ತಿದರು, ಬಸ್ಸು ಹೊರಟಿತು, ಅದು ತಿರುವು ದಾಟುವವರೆಗೂ ನೋಡಿದೆ. ವಾಪಸು ಬಂದು ಮಧುಗಿರಿಯ ಫೈಲು ತೆರೆದೆ. ಹಳೆಯ ಹೊತ್ತು ಅಳಿಸಿ ಹೊಸದನ್ನು ಹಾಕಿದೆ. ಕೆಳಗಿನ ಸಾಲಿನಲ್ಲಿ ತಾರೀಖು ತಿದ್ದಿದೆ, ಅದರ ಪಕ್ಕದಲ್ಲಿ ಅವರು ಬರೆದ ಪದವಿತ್ತು. ಈ ಸಲ ಅದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಆದರೂ ಒಂದೊಂದೇ ಅಕ್ಷರ ಅಳಿಸಿ, ಆ ಜಾಗದಲ್ಲಿ 'ನಾನೇ' ಎಂದು ಟೈಪ್ ಮಾಡಿ, ಕಮಾಂಡ್ ಕೊಟ್ಟು ಎಂಟರ್ ಒತ್ತಿದೆ.